ನಿಷ್ಠೆಯಿಂದ ಅವಧಾನಕ್ಕೆ

ದ್ರೋಣಾಚಾರ್ಯರು ಮರದ ತುದಿಯಲ್ಲಿ ಕೃತಕ ಪಕ್ಷಿಯೊಂದನ್ನು ಇರಿಸಿ, ಶಿಷ್ಯರನ್ನು ಒಬ್ಬೊಬ್ಬರನ್ನಾಗಿ ಕರೆದು, ‘ನಿನಗೆ ಏನೇನು ಕಾಣುತ್ತದೆ?’ ಎಂದು ಪರೀಕ್ಷಿಸಿದ ಕಥೆಯು ಆಬಾಲವೃದ್ಧರಿಗೆಲ್ಲ ತಿಳಿದುದೇ ಆಗಿದೆ. ಮರವೂ ಕಾಣುತ್ತದೆ, ಕೊಂಬೆಯೂ ಕಾಣುತ್ತದೆ, ಗುರುಗಳೂ ಸೋದರರೂ ಕಾಣುತ್ತಾರೆ ಎಂದವರು ಪಕ್ಕಕ್ಕೆ ಸರಿಯಬೇಕಾಯಿತು. ಪಕ್ಷಿಯ ಕಣ್ಣಲ್ಲದೆ ಬೇರೇನೂ ಕಾಣದೆಂದ ಅರ್ಜುನನಿಗೆ ಬಾಣ ಬಿಡಲು ಅಪ್ಪಣೆಯಾಯಿತು. (ಮೂಲಭಾರತದಲ್ಲಿ ಅವನಿಗೆ ಕಂಡುದು ಪಕ್ಷಿಯ ತಲೆ; ಕಣ್ಣೆಂಬುದು ಕಥೆ ಹೇಳುವವರ ನಾಲಗೆಯ ಮೇಲೆ ಬೆಳೆದುದು. ಅದಿರಲಿ.) ಶಾಲೆಗಳ ವಾರ್ಷಿಕೋತ್ಸವಗಳಲ್ಲಿ, ಪರೀಕ್ಷೆಗೆ ಕುಳಿತುಕೊಳ್ಳುವ ಮಕ್ಕಳಿಗೆ ಆಶೀರ್ವಚನ ನೀಡುವಾಗ, ಈ ಕಥೆಯನ್ನು ನಾವೂ ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಗುರಿಯೊಂದನ್ನುಳಿದು ಮಿಕ್ಕುದೆಲ್ಲ ಕಣ್ಣಿನಿಂದ ಅಳಿಸಿಹೋಗಬೇಕು, ಅದೇ ಏಕಾಗ್ರತೆ, ಅದೇ ಸಾಧನೆಯ ಗುಟ್ಟು ಎಂದು ಹೇಳಿ ಕುಳಿತುಕೊಳ್ಳುತ್ತಿದ್ದೆವು.

ನಮ್ಮ ಪ್ರಸಾದನಿಲಯದಲ್ಲಿದ್ದು ಓದುತ್ತಿರುವ ವಿದ್ಯಾರ್ಥಿಯೊಬ್ಬನು ಕಾಲೇಜಿನ ಪರವಾಗಿ ದೂರದ ಓಟಗಳಲ್ಲಿ ಭಾಗವಹಿಸುವವನು. ಮೇಲಿನ ಕಥೆಯನ್ನು ಹೇಳಿದ ಒಂದು ರಾತ್ರಿ, ಪ್ರಸಾದವಾದ ಮೇಲೆ ಅವನು ಬಂದು ಕೈಮುಗಿದು ನಿಂತು ಕೇಳಿದನು: ‘ಬುದ್ಧಿ, ಅರ್ಜುನ ಬಾಣ ಹೂಡಿದ ಹೊತ್ತಿನಲ್ಲಿ ಆ ಮರದ ಬುಡದಲ್ಲಿ ಯಾರಾದರೂ ಬಿದ್ದು ನರಳುತ್ತಿದ್ದರೆ, ಅವನಿಗೆ ಕಾಣುತ್ತಿತ್ತೆ?’

ಇದು ಉದ್ಧಟತನದ ಪ್ರಶ್ನೆಯಾಗಿರಲಿಲ್ಲ. ಹುಡುಗನ ಮುಖದಲ್ಲಿ ಕಳವಳವಿದ್ದಿತು. ನಾವು ಆ ರಾತ್ರಿ ಉತ್ತರ ಹೇಳಲಿಲ್ಲ. ಹೇಳಲು ನಮ್ಮಲ್ಲಿ ಇರಲೂ ಇಲ್ಲ. ಕೆಲದಿನಗಳ ಮೇಲೆ ಅವನೇ ತನ್ನ ಪ್ರಶ್ನೆಯ ಮೂಲವನ್ನು ತಿಳಿಸಿದನು. ಅದು ಉತ್ತರ ಯೂರೋಪಿನ ಕಾಡುಗಳಲ್ಲಿ ಹುಟ್ಟಿದ ಒಂದು ಆಟಕ್ಕೆ ಸಂಬಂಧಿಸಿದುದಾಗಿದ್ದಿತು. ಆ ಆಟದ ವಿಚಾರವನ್ನು ಅನಂತರ ನಾವು ಸ್ವಲ್ಪ ವಿಸ್ತಾರವಾಗಿಯೇ ಓದಿಕೊಂಡೆವು. ಮಠದ ಪತ್ರಿಕೆಯಲ್ಲಿ ಆಟದ ಮಾತೇಕೆ ಎಂದು ಓದುಗರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಜತೆಗೆ ಬಂದರೆ ಇದು ಆಟದ ಮಾತು ಮಾತ್ರವೇ ಅಲ್ಲವೆಂಬುದು ಅವರಿಗೂ ತೋರೀತು.

ಆಟದ ಹೆಸರು ಓರಿಯಂಟೀರಿಂಗ್. ನಕ್ಷೆ ಮತ್ತು ದಿಕ್ಸೂಚಿ ಇವೆರಡನ್ನೇ ನೆಚ್ಚಿಕೊಂಡು, ಪರಿಚಯವಿಲ್ಲದ ಕಾಡಿನಲ್ಲಿ, ಗೊತ್ತುಪಡಿಸಿದ ನೆಲೆಗಳನ್ನು ಗೊತ್ತುಪಡಿಸಿದ ಕ್ರಮದಲ್ಲಿಯೇ ಮುಟ್ಟಿ, ಎಲ್ಲರಿಗಿಂತ ಬೇಗನೆ ಹೊರಬರುವುದು ಇದರ ಸ್ವರೂಪ. ಸ್ವೀಡನ್ ಮತ್ತು ನಾರ್ವೆಯ ಸೈನಿಕರ ಶಿಕ್ಷಣದಲ್ಲಿ ಮೊದಲಾಗಿ, 1897ರಲ್ಲಿ ನಾರ್ವೆಯ ರಾಜಧಾನಿಯ ಬಳಿ ಸಾರ್ವಜನಿಕರ ಮೊದಲ ಸ್ಪರ್ಧೆ ನಡೆಯಿತು. 1961ರಲ್ಲಿ ಕೋಪನ್‌ಹೇಗನ್‌ನಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ಸ್ಥಾಪಿತವಾಗಿ, 1966ರಲ್ಲಿ ಫಿನ್ಲೆಂಡಿನ ಫಿಸ್ಕಾರ್ಸ್ ಎಂಬಲ್ಲಿ ಮೊದಲ ಜಾಗತಿಕ ಸ್ಪರ್ಧೆಯಾಯಿತು. ಕಾಡಿನೊಳಗೆ ಒಂದು ಬಂಡೆಯ ಹಿಂದೆ, ಒಂದು ಹಳ್ಳದ ತಿರುವಿನಲ್ಲಿ, ಒಂದು ದಿಣ್ಣೆಯ ಮೇಲೆ ಕಿತ್ತಳೆ ಮತ್ತು ಬಿಳಿಯ ಬಣ್ಣದ, ಒಂದು ಗೇಣಿಗಿಂತ ತುಸು ಮಿಗಿಲಾದ ಬಟ್ಟೆಯ ಗುರುತು ತೂಗುತ್ತಿರುತ್ತದೆ. ಅಲ್ಲಿಗೆ ಬಂದುದಕ್ಕೆ ಓಟಗಾರನು ಸಾಕ್ಷ್ಯವನ್ನು ಒತ್ತಿಸಿಕೊಳ್ಳಬೇಕು. ಒಂದೇ ಒಂದು ನೆಲೆ ತಪ್ಪಿದರೂ ಎಷ್ಟೇ ವೇಗವಾಗಿ ಬಂದಿರಲಿ, ಅವನ ಓಟವೆಲ್ಲ ಅಸಿಂಧು. ಸ್ಪರ್ಧೆ ನಡೆಯುವ ಕಾಡಿಗೆ ಮುಂಚೆ ಕಾಲಿಡುವುದು ನಿಷಿದ್ಧ. ಅಂದಿನ ನಕ್ಷೆಯು ಓಟದ ಗಡಿಯಾರ ನಡೆಯತೊಡಗಿದ ಕ್ಷಣದಲ್ಲಿ ಮಾತ್ರ ಕೈಗೆ ಬರುತ್ತದೆ. ಒಂಟಿ ಸ್ಪರ್ಧೆಗಳಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ಎರಡು ಮೂರು ನಿಮಿಷಗಳ ಅಂತರದಲ್ಲಿ ಬಿಡುವುದರಿಂದ, ಜೊತೆಗಾರನೂ ಇಲ್ಲ. ದಾರಿ ಹೇಳುವ ಶಿಕ್ಷಕನಿಗೆ ಒಳಗೆ ಪ್ರವೇಶವಿಲ್ಲ.

ಇಲ್ಲಿಯ ವಿಶೇಷವನ್ನು ಗಮನಿಸಿರಿ. ಅರ್ಜುನನಿಗೆ ಅವನ ಗುರಿಯು ಕಣ್ಣೆದುರಿಗೇ ಇದ್ದಿತು. ಈ ಓಟಗಾರನಿಗೆ ಗುರಿಯು, ಅದನ್ನು ಮುಟ್ಟಲು ಕೆಲವು ಮಾರು ಉಳಿಯುವವರೆಗೂ ಕಾಣುವುದೇ ಇಲ್ಲ. ಆದ್ದರಿಂದ ಗುರಿಯನ್ನೇ ನೋಡುತ್ತೇನೆಂದರೆ ಇಲ್ಲಿ ನಡೆಯದು. ಅವನು ಓಡುತ್ತಿರುವಷ್ಟು ಕಾಲವೂ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಗುರಿಯೆಲ್ಲಿದೆ ಎಂಬುದಲ್ಲ. ನಾನು ಈಗ ಎಲ್ಲಿದ್ದೇನೆ ಎಂಬುದು. ನಕ್ಷೆಯನ್ನು ಮಡಿಸಿ ಅಂಗೈಯಲ್ಲಿ ಹಿಡಿದು, ತಾನಿರುವ ಸ್ಥಾನದ ಮೇಲೆ ಹೆಬ್ಬೆರಳನ್ನಿಟ್ಟು, ಮುಂದುವರಿದಂತೆಲ್ಲ ಹೆಬ್ಬೆರಳನ್ನು ಸರಿಸುತ್ತಾ, ಒಂದು ಸಲ ಕೈಯನ್ನೂ ಒಂದು ಸಲ ಲೋಕವನ್ನೂ ನೋಡುತ್ತಾ ಓಡುತ್ತಾನೆ. ಇದನ್ನು ಓದಿದಾಗ ಎಡಗೈಯಲ್ಲಿ ಇಷ್ಟಲಿಂಗವನ್ನು ಹಿಡಿದ ನಮ್ಮವರಿಗೆ ಏನು ನೆನಪಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ನಕ್ಷೆಯು ಉಪಕರಣ, ಲಿಂಗವು ಉಪಕರಣವಲ್ಲ. ಕರಸ್ಥಲವನ್ನು ನೋಡುವ ಕಣ್ಣು ಲೋಕವನ್ನು ಕಾಣಲಾರದ ಕಣ್ಣಾಗಬಾರದೆಂಬಷ್ಟಕ್ಕೆ ಈ ಹೋಲಿಕೆ ಸಾಕು.

ಇಂತಹ ಓಟಗಾರನು ತಯಾರಾಗುವ ಬಗೆ ಹೇಗೆ? ದೇಹದ ಭಾಗವನ್ನು ಬೇಗನೆ ಹೇಳಿ ಮುಗಿಸಬಹುದು, ಏಕೆಂದರೆ ಅದು ಎಲ್ಲ ದೂರದ ಓಟಗಾರರಿಗೂ ಸಮಾನವಾದುದು: ವರ್ಷವಿಡೀ ನಿತ್ಯದ ಓಟ, ಏರು ಹತ್ತುವ ಓಟ, ವಿರಾಮದಿಂದ ಕೂಡಿದ ವೇಗದ ಓಟ. ಭೇದವೇನೆಂದರೆ ಇವನ ನೆಲ ಸಪಾಟಲ್ಲ. ಕ್ರೀಡಾಂಗಣದಲ್ಲಿ ಒಂದು ಕಿಲೋಮೀಟರನ್ನು ಮೂರು ನಿಮಿಷಗಳಲ್ಲಿ ಓಡಬಲ್ಲವನಿಗೆ ಜೌಗು, ಬಿದ್ದ ಮರ, ಪಾಚಿಗಟ್ಟಿದ ಕಲ್ಲುಗಳ ಕಾಡಿನಲ್ಲಿ ಅದರ ಇಮ್ಮಡಿ ಹೊತ್ತು ಬೇಕಾಗುತ್ತದೆ. ಪುರುಷರ ದೀರ್ಘ ಸ್ಪರ್ಧೆಯು ಒಂದೂವರೆ ಗಂಟೆಯ ಆಸುಪಾಸಿನದು. ಮಧ್ಯಮ ದೂರದ್ದು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು.

ಮನಸ್ಸಿನ ಭಾಗವೇ ರಸವತ್ತಾದುದು. ಈ ನಕ್ಷೆಗಳು ನಮ್ಮ ಶಾಲೆಯ ಗೋಡೆಯ ನಕ್ಷೆಗಳಂತಲ್ಲ. ದೀರ್ಘ ಸ್ಪರ್ಧೆಯ ನಕ್ಷೆಯ ಪ್ರಮಾಣ 1:15000. ಎಂದರೆ ಕಾಗದದ ಒಂದು ಸೆಂಟಿಮೀಟರಿಗೆ ನೆಲದ 150 ಮೀಟರು. ಕಾಡು ಅದರಲ್ಲಿ ಹಸುರಾಗಿರುವುದಿಲ್ಲ! ಸಲೀಸಾಗಿ ಓಡಬಹುದಾದ ಕಾಡು ಬಿಳಿಯದು. ಹಸುರು ದಟ್ಟವಾದಷ್ಟೂ ಪೊದೆ ದಟ್ಟವೆಂದು ಅರ್ಥ. ಬಯಲು ಹಳದಿ, ನೀರು ನೀಲಿ, ಬಂಡೆಯೂ ಕಾಲುದಾರಿಯೂ ಕಪ್ಪು. ಎಲ್ಲಕ್ಕಿಂತ ಮುಖ್ಯವಾದುವು ಕಂದು ಬಣ್ಣದ ಸಮೋನ್ನತ ರೇಖೆಗಳು. ಆ ಸಣ್ಣ ಗೆರೆಗಳ ಬಾಗುಬಳುಕಿನಿಂದ ಗುಡ್ಡದ ಮೂಗನ್ನೂ ಕಣಿವೆಯ ತೊಡೆಯನ್ನೂ, ಓಟದ ಉಸಿರುಬ್ಬಸದ ನಡುವೆ, ಕಣ್ಣಮುಂದೆ ಕಟ್ಟಿಕೊಳ್ಳಬೇಕು. ಇದಕ್ಕಾಗಿ ಅವರು ಮನೆಯಲ್ಲಿ ಕುಳಿತು ನಕ್ಷೆಗಳನ್ನು ನಾವು ಗ್ರಂಥಪಾಠ ಮಾಡುವಂತೆ ಪಾಠಮಾಡುತ್ತಾರೆ. ಸ್ಪರ್ಧೆಯ ಕಾಡಿಗೆ ಹೋಗಲು ಅವಕಾಶವಿಲ್ಲದುದರಿಂದ ಆ ಪ್ರದೇಶದ ಹಳೆಯ ನಕ್ಷೆಗಳನ್ನು ಸಂಗ್ರಹಿಸಿ, ಅದನ್ನೇ ಹೋಲುವ ಬೇರೆ ಕಾಡುಗಳಿಗೆ ಹೋಗಿ ತಿಂಗಳುಗಟ್ಟಲೆ ಓಡುತ್ತಾರೆ. ಫ್ರಾನ್ಸಿನ ಸೇಂತ್-ಎತಿಯೆನ್ ಊರಿನ ತಿಯೆರಿ ಗೆಯೋರ್ಜಿಯೂ ಎಂಬ ಮಹಾ ಓಟಗಾರರು ಉತ್ತರದ ಕಾಡುಗಳ ಮರ್ಮವನ್ನು ಅರಿಯುವುದಕ್ಕಾಗಿ ಫಿನ್ಲೆಂಡಿನ ಕ್ಲಬ್ಬೊಂದರ ಪರವಾಗಿ ವರ್ಷಾನುಗಟ್ಟಲೆ ಓಡಿದರು. 1979ರಲ್ಲಿ ಹುಟ್ಟಿದ ಇವರು 2003ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಜಾಗತಿಕ ಸ್ಪರ್ಧೆಯ ಮಧ್ಯಮ ದೂರದಲ್ಲಿ ಮೊದಲ ಬಾರಿಗೆ ಗೆದ್ದು, ಅದೇ ದೂರವನ್ನು ಮತ್ತೆ ಮತ್ತೆ ಗೆದ್ದು, 2017ರಲ್ಲಿ ಎಸ್ತೋನಿಯಾದಲ್ಲಿ ಗೆದ್ದು ನಿವೃತ್ತರಾದರು. ಪೂರ್ಣ ವೇಗ, ಶೂನ್ಯ ತಪ್ಪು ಎಂಬುದು ಇವರ ಧ್ಯೇಯವಾಕ್ಯವಾಗಿದ್ದಿತು.

ಆ ಎರಡು ಪದಗಳು ಒಂದರೊಡನೊಂದು ಜಗಳವಾಡುತ್ತವೆಂಬುದನ್ನು ಗಮನಿಸಬೇಕು. ವೇಗವು ಮಿತಿಮೀರಿದರೆ ದಣಿದ ದೇಹವು ಬುದ್ಧಿಯನ್ನು ಮಂಕುಮಾಡುತ್ತದೆ, ತಪ್ಪು ಹುಟ್ಟುತ್ತದೆ. ತಪ್ಪಿಗೆ ಹೆದರಿ ನಿಧಾನಿಸಿದರೆ ಸೋಲು. ಎಷ್ಟು ವೇಗದವರೆಗೆ ತನ್ನ ಅರಿವು ತಿಳಿಯಾಗಿರುತ್ತದೆ ಎಂಬುದನ್ನು ಪ್ರತಿಯೊಬ್ಬನೂ ತನ್ನಲ್ಲಿಯೇ ಅಳೆದುಕೊಳ್ಳಬೇಕು. ಓಟ ಮುಗಿದ ಮೇಲೂ ಸಾಧನೆ ಮುಗಿಯುವುದಿಲ್ಲ. ತಾನು ನಿಜವಾಗಿ ಹಿಡಿದ ದಾರಿಯನ್ನು ನಕ್ಷೆಯ ಮೇಲೆ ಗೆರೆಯೆಳೆದು, ನೆಲೆಯಿಂದ ನೆಲೆಗೆ ತಗುಲಿದ ಕಾಲವನ್ನು ಇತರರದರೊಡನೆ ಹೋಲಿಸಿ, ಎಲ್ಲೆಲ್ಲಿ ಎಷ್ಟೆಷ್ಟು ಸೆಕೆಂಡು ಏತರಿಂದ ಹೋಯಿತೆಂದು ಬರೆದಿಡುತ್ತಾರೆ. ಗೆದ್ದ ದಿನವೂ ಬರೆದಿಡುತ್ತಾರೆ. ದಿನದ ಕೊನೆಗೆ ಇಷ್ಟು ಪ್ರಾಮಾಣಿಕವಾಗಿ ತಮ್ಮ ದಾರಿಯನ್ನು ಗೆರೆಯೆಳೆದು ನೋಡುವ ಜಪತಪದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಯೋ ಹೇಳಲಾರೆವು. ನಮ್ಮನ್ನೂ ಸೇರಿಸಿಕೊಂಡೇ ಈ ಮಾತನ್ನು ಆಡುತ್ತಿದ್ದೇವೆ.

ಅವರಲ್ಲಿ ಒಂದು ಬಗೆಯ ತಪ್ಪಿಗೆ ‘ನಕ್ಷೆಯನ್ನು ಬಗ್ಗಿಸುವುದು’ ಎಂಬ ಹೆಸರಿದೆಯಂತೆ. ಓಟಗಾರನು ದಾರಿ ತಪ್ಪಿರುತ್ತಾನೆ, ಆದರೆ ತಪ್ಪಿದೆನೆಂದು ಒಪ್ಪಿಕೊಳ್ಳಲು ಮನಸ್ಸಿಲ್ಲ. ನಕ್ಷೆಯಲ್ಲಿ ಎಡಕ್ಕೆ ಹಳ್ಳವಿರಬೇಕು. ಎದುರಿಗೆ ಇರುವುದು ಬರಿಯ ತಗ್ಗು. ‘ಇದೇ ಆ ಹಳ್ಳ, ಬೇಸಗೆಯಲ್ಲಿ ಬತ್ತಿದೆ’ ಎಂದುಕೊಳ್ಳುತ್ತಾನೆ. ಮುಂದೆ ಬಂಡೆಯಿರಬೇಕು, ಇರುವುದು ಬೇರುಸಹಿತ ಉರುಳಿದ ಮರ. ‘ಬಂಡೆ ಇದರ ಹಿಂದೆ ಇರಬಹುದು’ ಎಂದುಕೊಳ್ಳುತ್ತಾನೆ. ಹೀಗೆ ಕಂಡುದನ್ನೆಲ್ಲ ತನ್ನ ಬಯಕೆಗೆ ಬಗ್ಗಿಸುತ್ತಾ, ವೇಗವನ್ನು ಕಡಮೆ ಮಾಡದೆ, ಇನ್ನಷ್ಟು ದೂರ ತಪ್ಪುತ್ತಾನೆ. ಹಗ್ಗದಲ್ಲಿ ಹಾವು, ಚಿಪ್ಪಿನಲ್ಲಿ ಬೆಳ್ಳಿ ಎಂಬ ದೃಷ್ಟಾಂತಗಳನ್ನು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರು. ನೈಯಾಯಿಕರು ಇದನ್ನು ಅನ್ಯಥಾಖ್ಯಾತಿಯೆಂದು, ಎಂದರೆ ಒಂದನ್ನು ಇನ್ನೊಂದಾಗಿ ತಿಳಿಯುವುದೆಂದು ಕರೆದರು; ಬೇರೆ ದರ್ಶನದವರು ಬೇರೆ ಹೆಸರಿಟ್ಟು ವಾದಿಸಿದರು. ಆ ವಾದಗಳಲ್ಲೆಲ್ಲ ಭ್ರಮೆಯು ಮಬ್ಬುಗತ್ತಲೆಯಿಂದ ಬರುತ್ತದೆ, ಸಾದೃಶ್ಯದಿಂದ ಬರುತ್ತದೆ, ದೋಷಯುಕ್ತ ಕಣ್ಣಿನಿಂದ ಬರುತ್ತದೆ. ಬೆಳ್ಳಿಯ ಮೇಲಿನ ಆಸೆಯಿಂದಲೂ ಬರುತ್ತದೆಂಬ ಮಾತು ನಡುವೆ ಎಲ್ಲಿಯೋ ಸುಳಿದು ಹೋಗುತ್ತದೆ. ಕಾಡಿನ ಓಟಗಾರನಿಗೆ ಈ ಕೊನೆಯದೇ ಮೊದಲನೆಯದು. ಬೇಗ ತಲುಪಬೇಕೆಂಬ ಆಸೆಯೇ ಅವನ ಕಣ್ಣಿಗೆ ಸುಳ್ಳುಹೇಳುತ್ತದೆ.

ಇದಕ್ಕೆ ಅವರು ಕಂಡುಕೊಂಡ ಮದ್ದು ಬಹಳ ಸರಳ, ಬಹಳ ಕಷ್ಟ. ನಕ್ಷೆಗೂ ನೆಲಕ್ಕೂ ಹೊಂದಿಕೆ ತಪ್ಪಿತೆಂದು ಒಳಗೆ ಎಲ್ಲಿಯೋ ಸಣ್ಣದಾಗಿ ತೋರಿದ ಕೂಡಲೇ ನಿಲ್ಲಬೇಕು. ಗಡಿಯಾರ ಓಡುತ್ತಿರುವಾಗ, ಎದುರಾಳಿಗಳು ಓಡುತ್ತಿರುವಾಗ, ತಾನು ನಿಂತು, ‘ನಾನು ದಾರಿ ತಪ್ಪಿದ್ದೇನೆ’ ಎಂದು ತನಗೆ ತಾನೇ ಒಪ್ಪಿಕೊಂಡು, ಖಚಿತವಾಗಿ ಗೊತ್ತಿದ್ದ ಹಿಂದಿನ ನೆಲೆಗೆ ಬೇಕಾದರೆ ಹಿಂದಿರುಗಿ, ಅಲ್ಲಿಂದ ಮತ್ತೆ ತೊಡಗಬೇಕು. ಕಾಲು ಬಲಿಯುವುದಕ್ಕೆ ಕೆಲವು ವರ್ಷ ಸಾಕು. ಹೀಗೆ ನಿಲ್ಲುವುದನ್ನು ಕಲಿಯುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕೆಂದು ನಮಗೆ ತೋರುತ್ತದೆ. ಸಂಸ್ಥೆಗಳನ್ನು ನಡೆಸುವವರು, ಗೃಹಸ್ಥರು, ಮಠಾಧಿಪತಿಗಳು, ನಾವೆಲ್ಲರೂ ನಕ್ಷೆಯನ್ನು ಬಗ್ಗಿಸುವುದರಲ್ಲಿ ನಿಪುಣರು. ಕಾಣಿಕೆ ಹೆಚ್ಚಿತೆಂದರೆ ಭಕ್ತಿ ಹೆಚ್ಚಿತೆಂದುಕೊಳ್ಳುತ್ತೇವೆ. ಕಟ್ಟಡ ಎದ್ದಿತೆಂದರೆ ವಿದ್ಯೆ ಬೆಳೆಯಿತೆಂದುಕೊಳ್ಳುತ್ತೇವೆ. ಇರಬೇಕಾದ ಹಳ್ಳವಿಲ್ಲ, ಬತ್ತಿರಬಹುದು ಎನ್ನುತ್ತೇವೆ.

ಇಷ್ಟೆಲ್ಲ ಶ್ರಮ ಏತಕ್ಕಾಗಿ ಎಂಬ ಪ್ರಶ್ನೆ ಸಹಜವಾದುದು. ಒಲಿಂಪಿಕ್ ಕೂಟದಲ್ಲಿ ಈ ಆಟಕ್ಕೆ ಸ್ಥಾನ ದೊರೆತಿಲ್ಲ. ಕ್ರಿಕೆಟ್ಟಿನಲ್ಲಿಯೂ ಕಾಲ್ಚೆಂಡಿನಲ್ಲಿಯೂ ಹರಿಯುವಂತಹ ಹಣ ಇದರಲ್ಲಿ ಹರಿಯುವುದಿಲ್ಲ. ಈಚಿನ ವರ್ಷಗಳಲ್ಲಿ ದೊಡ್ಡ ಸ್ಪರ್ಧೆಗಳಿಗೆ ಕಾಡಿನೊಳಗೆ ಅಲ್ಲಲ್ಲಿ ಕ್ಯಾಮೆರಾಗಳು ಬಂದಿವೆಯಾದರೂ, ಓಟದ ಬಹುಭಾಗದಲ್ಲಿ ಕೈತಟ್ಟುವವರು ಯಾರೂ ಇಲ್ಲ. ಸ್ವಿಟ್ಜರ್ಲೆಂಡಿನ ಸಿಮೋನ್ ನಿಗ್ಲಿ ಎಂಬವರು ಜೀವಶಾಸ್ತ್ರವನ್ನು ಓದಿದವರು. 2003ರಲ್ಲಿ ತಮ್ಮ ದೇಶದಲ್ಲಿಯೂ 2005ರಲ್ಲಿ ಜಪಾನಿನಲ್ಲಿಯೂ ನಡೆದ ಜಾಗತಿಕ ಸ್ಪರ್ಧೆಗಳಲ್ಲಿ ಆಯಾ ವರ್ಷದ ನಾಲ್ಕಕ್ಕೆ ನಾಲ್ಕು ಚಿನ್ನದ ಪದಕಗಳನ್ನೂ ಪಡೆದರು. ಒಟ್ಟು 23 ಜಾಗತಿಕ ಚಿನ್ನ ಅವರದು. 2008ರಲ್ಲಿ ತಾಯಿಯಾದರು, 2011ರಲ್ಲಿ ಅವಳಿ ಮಕ್ಕಳ ತಾಯಿಯಾದರು, ಎರಡು ಸಲವೂ ಮರಳಿ ಬಂದು ಗೆದ್ದು, 2013ರಲ್ಲಿ ಫಿನ್ಲೆಂಡಿನಲ್ಲಿ ಮೂರು ಒಂಟಿ ಸ್ಪರ್ಧೆಗಳನ್ನೂ ಗೆದ್ದು ಅದೇ ವರ್ಷ ನಿವೃತ್ತರಾದರು. ಗೆಲ್ಲುವ ಆಸೆ ಮಾತ್ರವೇ ಇದ್ದಿದ್ದರೆ ಹತ್ತು ಪದಕಗಳಾದ ಮೇಲೆ ಅದು ತಣಿಯಬೇಕಾಗಿದ್ದಿತು. ಕಾಯಕವೆಂಬುದನ್ನು ನಾವು ಹೊಲ, ಮಗ್ಗ, ಅಂಗಡಿಗಳಿಗೆ ಮಾತ್ರ ಅನ್ವಯಿಸುತ್ತೇವೆ. ಮಾಡುವ ಕೆಲಸದಲ್ಲಿಯೇ, ಅದರ ಕೂಲಿಯ ಆಚೆಗೆ, ಒಂದು ತೃಪ್ತಿ ಇರುವುದಾದರೆ ಅದು ಓಟಕ್ಕೂ ಅನ್ವಯಿಸದೆ? ಆದರೆ ಇಲ್ಲಿ ಅವಸರಪಡಲಾರೆವು. ಕಾಯಕಕ್ಕೆ ದಾಸೋಹದ ಮುಖವೂ ಉಂಟು. ತನಗಾಗಿ ಓಡಿದ ಓಟದಿಂದ ಇನ್ನೊಬ್ಬರಿಗೆ ಏನು ಬಂದಿತು? ನಮ್ಮ ವಿದ್ಯಾರ್ಥಿಯ ಪ್ರಶ್ನೆಯ ಬೇರು ಇರುವುದು ಇಲ್ಲಿಯೇ.

2008ರಲ್ಲಿ ಚೆಕ್ ದೇಶದ ಓಲೋಮೌಟ್ಸ್‌ನಲ್ಲಿ ಜಾಗತಿಕ ಸ್ಪರ್ಧೆ ನಡೆಯಿತು. ಮೂವರು ಒಬ್ಬರಾದ ಮೇಲೆ ಒಬ್ಬರು ಓಡುವ ಸರದಿಯ ಓಟದಲ್ಲಿ ಫ್ರಾನ್ಸಿನ ಕೊನೆಯ ಓಟಗಾರರು ಗೆಯೋರ್ಜಿಯೂ. ಎಲ್ಲರಿಗಿಂತ ಮುಂದಿದ್ದರು. ಓಡುತ್ತಿರುವಾಗ ಬಾಯೊಳಗೆ ಜೇನುನೊಣವೊಂದು ಹೊಕ್ಕು ಗಂಟಲಿಗೆ ಕುಟುಕಿತು. ಓಟವನ್ನು ಮುಗಿಸಲಾಗಲಿಲ್ಲ, ಚಿನ್ನ ಬ್ರಿಟನ್ನಿಗೆ ಹೋಯಿತು. ಮಾರನೆಯ ವರ್ಷ, 2009ರ ಆಗಸ್ಟಿನಲ್ಲಿ, ಹಂಗೇರಿಯ ಮಿಷ್ಕೋಲ್ಟ್ಸ್‌ನಲ್ಲಿ ಮತ್ತೆ ಅದೇ ಸರದಿಯ ಓಟ, ಮತ್ತೆ ಕೊನೆಯ ಸರದಿ ಇವರದೇ. ಮುಂಚೂಣಿಯಲ್ಲಿ ಪದಕಕ್ಕಾಗಿ ಓಡುತ್ತಿದ್ದವರಲ್ಲಿ ಸ್ವೀಡನ್ನಿನ ಮಾರ್ಟಿನ್ ಯೋಹಾನ್ಸನ್ ಎಂಬವರ ತೊಡೆಗೆ ಮರದ ಕೊರಡಿನ ಚೂಪು ಆಳವಾಗಿ ನಾಟಿಕೊಂಡಿತು. ಗೆಯೋರ್ಜಿಯೂ ನಿಂತರು. ನಾರ್ವೆಯ ಆಂಡರ್ಸ್ ನೂರ್ಡ್‌ಬೆರ್ಗ್ ನಿಂತರು. ಚೆಕ್ ದೇಶದ ಮಿಖಾಲ್ ಸ್ಮೋಲಾ ನಿಂತರು. ಮೂವರೂ ಪದಕವನ್ನು ಕೈಬಿಟ್ಟು ಗಾಯಾಳುವಿನ ಸಹಾಯಕ್ಕೆ ತೊಡಗಿದರು. ಅಂದಿನ ಚಿನ್ನ ಸ್ವಿಟ್ಜರ್ಲೆಂಡಿಗೆ ಹೋಯಿತು. ಯೋಹಾನ್ಸನ್ ಗುಣಮುಖರಾದರು.

ಈ ವೃತ್ತಾಂತವನ್ನು ಕೇಳಿ ಕಣ್ಣು ತೇವ ಮಾಡಿಕೊಂಡು ಭಲೆ ಎಂದು ಮುಂದೆ ಹೋಗುವುದು ಸುಲಭ. ನಮ್ಮ ವಿದ್ಯಾರ್ಥಿ ಹಾಗೆ ಹೋಗಲಿಲ್ಲ. ಅವನು ಎತ್ತಿದ ಆಕ್ಷೇಪವು ಬಲವಾದುದು. ಆ ಪದಕವು ಗೆಯೋರ್ಜಿಯೂ ಒಬ್ಬರದಲ್ಲ. ಅವರಿಗಿಂತ ಮೊದಲು ಇಬ್ಬರು ಓಡಿ, ಮುಂದಿನ ಸ್ಥಾನವನ್ನು ಅವರ ಕೈಗೆ ಒಪ್ಪಿಸಿದ್ದರು. ಹಿಂದಿನ ವರ್ಷ ಕೈತಪ್ಪಿದುದನ್ನು ಪಡೆಯಬೇಕೆಂದು ಅವರೂ ಒಂದು ವರ್ಷ ಬೆವರಿಳಿಸಿದ್ದರು. ತನ್ನದನ್ನು ದಾನಮಾಡುವುದು ಸರಿ. ಪರರ ಶ್ರಮವನ್ನು ದಾನಮಾಡಲು ಒಬ್ಬನಿಗೆ ಅಧಿಕಾರವೆಲ್ಲಿಯದು? ಮೇಲಾಗಿ, ಓಡುವುದೇ ಅವನ ಕಾಯಕವಾದರೆ, ಕಾಯಕವನ್ನು ನಡುವೆ ಬಿಡುವುದು ನಿಷ್ಠೆಗೆ ಭಂಗವಲ್ಲವೆ?

ಮೊದಲನೆಯ ಆಕ್ಷೇಪಕ್ಕೆ ನಮ್ಮ ಸಮಾಧಾನ ಇಷ್ಟು. ಒಪ್ಪಿಸಿಕೊಂಡ ವಸ್ತುವಿನ ಮೇಲೆ ನಮಗೆ ಪೂರ್ಣ ಸ್ವಾತಂತ್ರ್ಯವಿಲ್ಲವೆಂಬುದು ನಿಜ. ಆದರೆ ಅದನ್ನು ಕೊಟ್ಟವರು ಯಾವ ಷರತ್ತಿನ ಮೇಲೆ ಕೊಟ್ಟರೆಂದು ಭಾವಿಸಬೇಕು? ರಕ್ತ ಸುರಿಯುತ್ತಿರುವವನನ್ನು ದಾಟಿಕೊಂಡು ಹೋಗಿಯಾದರೂ ಪದಕ ತಾ ಎಂಬ ಷರತ್ತನ್ನು ಆ ಇಬ್ಬರ ಬಾಯಲ್ಲಿ ಇಡುವುದು ಅವರಿಗೆ ಮಾಡುವ ಅಪಚಾರ. ಸಹೋದ್ಯೋಗಿಗಳನ್ನು, ಕುಟುಂಬದವರನ್ನು, ಮಠದ ಭಕ್ತರನ್ನು ಮುಂದಿಟ್ಟುಕೊಂಡು ನಾವು ಮಾಡುವ ಎಷ್ಟೋ ಕಠಿನ ಕೆಲಸಗಳಿಗೆ ‘ಅವರಿಗೋಸ್ಕರ’ ಎಂಬ ಹೆಸರಿರುತ್ತದೆ. ಅವರನ್ನು ಕೇಳಿದರೆ ಬೇಡವೆಂದಾರು. ಹಾಗೆಂದು ಅವರ ನಷ್ಟವನ್ನು ಇಲ್ಲವೆನ್ನಲಾಗದು. ಅವರು ಕಳೆದುಕೊಂಡರು. ಕಾಡಿನಲ್ಲಿ ನಿಂತವರ ಹೆಸರು ಪ್ರಸಿದ್ಧವಾಯಿತು. ನಿಲ್ಲುವ ಅವಕಾಶವೂ ಇಲ್ಲದೆ ಹೊರಗೆ ಬೇಲಿಯ ಬಳಿ ಕಾದವರ ಹೆಸರನ್ನು ಯಾರೂ ಕೇಳುವುದಿಲ್ಲ.

ಎರಡನೆಯದು ಶಾಸ್ತ್ರದ ಒಳಗಿನಿಂದಲೇ ವಿಚಾರಿಸಬೇಕಾದುದು. ನಮ್ಮ ಷಟ್‌ಸ್ಥಲ ಮಾರ್ಗದಲ್ಲಿ ಭಕ್ತನಿಗೆ ಶ್ರದ್ಧಾಭಕ್ತಿಯನ್ನೂ, ಮಾಹೇಶ್ವರನಿಗೆ ನಿಷ್ಠಾಭಕ್ತಿಯನ್ನೂ, ಪ್ರಸಾದಿಗೆ ಅವಧಾನಭಕ್ತಿಯನ್ನೂ ಹೇಳಿದೆ. ಈ ಕ್ರಮವನ್ನು ನಾವು ಪಾಠದಲ್ಲಿ ಒಪ್ಪಿಸಿಬಿಡುತ್ತೇವೆ; ನಿಷ್ಠೆಯ ಮೇಲೆ ಅವಧಾನವನ್ನು ಏಕಿರಿಸಿದರೆಂದು ಕೇಳಿಕೊಳ್ಳುವುದು ಕಡಮೆ. ನಿಷ್ಠೆಯೆಂದರೆ ಅಲುಗದಿರುವುದು. ಹಿಡಿದ ವ್ರತವನ್ನು ಬಿಡದಿರುವುದು, ಅನ್ಯವನ್ನು ನೋಡದಿರುವುದು. ಅರ್ಜುನನ ಕಣ್ಣು ನಿಷ್ಠೆಯ ಕಣ್ಣು. ಅದಿಲ್ಲದೆ ಯಾವ ಸಾಧನೆಯೂ ಆರಂಭವಾಗಲಾರದು; ಬೆಳಗಿನ ಚಳಿಯಲ್ಲಿ ಎದ್ದು ಓಡುವವನಿಗೂ ಬೇಕಾದುದು ಅದೇ. ಆದರೆ ಪ್ರಸಾದಿಯ ಅವಧಾನವು ಬೇರೆ. ಕಣ್ಣಿಗೆ ಬಂದ ರೂಪ, ಕಿವಿಗೆ ಬಂದ ಶಬ್ದ, ನಾಲಗೆಗೆ ಬಂದ ರುಚಿ, ಇವೊಂದನ್ನೂ ಅರಿಯದೆ ಒಳಗೆ ಬಿಟ್ಟುಕೊಳ್ಳದೆ, ಮೊದಲು ಲಿಂಗಕ್ಕೆ ಅರ್ಪಿಸಿ ಅನಂತರ ಸ್ವೀಕರಿಸುವ ಎಚ್ಚರವದು. ಅನ್ಯವನ್ನು ನೋಡದಿರುವುದರಿಂದ ಅದು ಸಾಧ್ಯವಾಗದು. ಬಂದುದನ್ನೆಲ್ಲ ಇದ್ದ ಹಾಗೆಯೇ ನೋಡುವುದರಿಂದ ಆಗುತ್ತದೆ. ನಿಷ್ಠೆಯು ಕಣ್ಣನ್ನು ಕಿರಿದುಮಾಡಿ ಬಲಗೊಳಿಸುತ್ತದೆ. ಬಲಗೊಂಡ ಕಣ್ಣನ್ನು ಅವಧಾನವು ಮತ್ತೆ ಅಗಲವಾಗಿ ತೆರೆಯುತ್ತದೆ. ಮೊದಲನೆಯದರಲ್ಲಿಯೇ ನಿಂತುಬಿಟ್ಟವನಿಗೆ ತನ್ನ ವ್ರತ ಕಾಣುತ್ತದೆ, ಎದುರಿಗಿರುವ ಮನುಷ್ಯ ಕಾಣುವುದಿಲ್ಲ. ಪೂಜೆಗೆ ಹೊತ್ತಾಯಿತೆಂದು ಬಾಗಿಲಿಗೆ ಬಂದವನನ್ನು ಅಟ್ಟಿದ ನಿಷ್ಠಾವಂತರನ್ನು ನಾವು ಕಂಡಿದ್ದೇವೆ. ಹಲವು ವರ್ಷಗಳ ಹಿಂದೆ ನಾವೇ ಒಮ್ಮೆ ಹಾಗೆ ಅಟ್ಟಿದ್ದೆವು; ಆ ಮನುಷ್ಯ ಮತ್ತೆ ಬರಲಿಲ್ಲ.

ಈಗ ಆ ಕಾಡಿನ ಓಟಗಾರನ ಕಡೆಗೆ ತಿರುಗಿ ನೋಡಿರಿ. ಅವನ ಇಡೀ ಶಿಕ್ಷಣವೇ ಕಂಡುದನ್ನು ಬಯಕೆಗೆ ಬಗ್ಗಿಸಬಾರದೆಂಬ ಶಿಕ್ಷಣ. ಇರುವ ಬಂಡೆಯನ್ನು ಇದೆಯೆಂದು, ಇಲ್ಲದ ಹಳ್ಳವನ್ನು ಇಲ್ಲವೆಂದು, ಎಷ್ಟೇ ನಷ್ಟವಾಗಲಿ, ಒಪ್ಪಿಕೊಳ್ಳುವುದನ್ನು ಅವನು ಸಾವಿರ ಸಲ ಮಾಡಿರುತ್ತಾನೆ. ಗಾಯಾಳುವನ್ನು ಕಂಡಾಗ ‘ಅಷ್ಟೇನೂ ಆಗಿರಲಾರದು’, ‘ಹಿಂದಿನಿಂದ ಬರುವವರು ನೋಡಿಕೊಳ್ಳುತ್ತಾರೆ’, ‘ಅವನ ದೇಶದವರು ಬರುತ್ತಾರೆ’ ಎಂಬ ಮಾತುಗಳು ಮನಸ್ಸಿಗೆ ಬರದೆ ಇರುತ್ತವೆಯೆ? ಅವು ಬತ್ತಿದ ಹಳ್ಳದ ಮಾತಿನ ಜಾತಿಯವೇ. ಆ ಮೂವರ ಅಂತರಂಗದಲ್ಲಿ ಆ ಕ್ಷಣ ಏನು ನಡೆಯಿತೆಂದು ಹೇಳಲು ನಾವು ಯಾರು? ಆದರೆ ನಿಲ್ಲುವುದನ್ನು ಅವರ ಕಾಲು ಮೊದಲೇ ಕಲಿತಿದ್ದಿತು. ಆದುದರಿಂದ ನಿಂತುದು ಅವರ ಸಾಧನೆಯ ಭಂಗವೆಂದು ನಾವು ಒಪ್ಪುವುದಿಲ್ಲ.

ಒಂದು ಎಚ್ಚರಿಕೆ. ಕಾಡಿನಲ್ಲಿ ಕಣ್ಣು ಪಳಗಿದವರೆಲ್ಲ ಬಾಳಿನಲ್ಲಿಯೂ ಪಳಗಿದವರಾಗುತ್ತಾರೆಂದು ನಾವು ಹೇಳುತ್ತಿಲ್ಲ. ಅವಧಾನವು ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ಹರಿಯುವುದಾದರೆ, ಚದುರಂಗದ ಆಟಗಾರರೆಲ್ಲ ಋಷಿಗಳಾಗಿರುತ್ತಿದ್ದರು. ಹರಿಯಲು ಸಾಧ್ಯವಿದೆಯೆಂಬುದಕ್ಕೆ ಅದೊಂದು ನಿದರ್ಶನವಷ್ಟೆ. ಹಾಗೆಯೇ 2011ರಲ್ಲಿ ಫ್ರಾನ್ಸಿನಲ್ಲಿಯೇ ನಡೆದ ಜಾಗತಿಕ ಸ್ಪರ್ಧೆಯ ಸರದಿಯ ಓಟವನ್ನು ಗೆಯೋರ್ಜಿಯೂ ಅವರ ತಂಡ ಗೆದ್ದಿತು. ಅದನ್ನು 2009ರ ಪುಣ್ಯದ ಫಲವೆಂದು ಕಥೆ ಕಟ್ಟುವ ಚಪಲ ನಮಗೂ ಬಂದಿತ್ತು. ಪ್ರವಚನಕ್ಕೆ ಚೆನ್ನಾಗಿ ಹೊಂದುತ್ತದೆ. ಅವರು ಗೆದ್ದುದು ಚೆನ್ನಾಗಿ ಓಡಿದುದರಿಂದ. ಸೋತಿದ್ದರೂ ಮಿಷ್ಕೋಲ್ಟ್ಸ್‌ನ ಕಾಡಿನಲ್ಲಿ ನಡೆದುದರ ಬೆಲೆ ಕೂದಲೆಳೆಯಷ್ಟೂ ಕಡಮೆಯಾಗುತ್ತಿರಲಿಲ್ಲ.

ಇಷ್ಟನ್ನೂ ನಾವು ಆ ವಿದ್ಯಾರ್ಥಿಗೆ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ‘ಬುದ್ಧಿ, ಅಲ್ಲಿ ಒಬ್ಬರು ನಿಂತಿದ್ದರೆ ಸಾಕಾಗಿತ್ತು ಅಂತ ಇಟ್ಟುಕೊಳ್ಳಿ. ಉಳಿದಿಬ್ಬರು ಓಡಬಹುದಿತ್ತಲ್ಲ. ಆದರೆ ಓಡುವ ಇಬ್ಬರು ಯಾರು ಅಂತ ಯಾರು ಹೇಳಬೇಕು?’ ಎಂದನು. ನಾವು ಯೋಚಿಸುತ್ತಿರುವಾಗಲೇ ಪ್ರಸಾದದ ಗಂಟೆಯಾಯಿತು. ಅರ್ಜುನನ ಕಥೆಯನ್ನು ನಾವು ಹೇಳುವುದನ್ನು ಬಿಟ್ಟಿಲ್ಲ. ಹೇಳಿ ಮುಗಿಸಿದ ಮೇಲೆ ಮಕ್ಕಳನ್ನು ಅವನ ಮೊದಲನೆಯ ಪ್ರಶ್ನೆಯನ್ನೇ ಕೇಳುತ್ತೇವೆ: ಮರದ ಬುಡದಲ್ಲಿ ಯಾರಾದರೂ ಬಿದ್ದಿದ್ದರೆ?